ದೃಷ್ಟಿಗೆ ಇಂಗ್ಲಿಷ್ ಬತ್ತದಾ?

ಬೆಳೆಯುವ ಸಿರಿ ಮೊಳಕೆಯಲ್ಲಿ, ಬೆಳೆದ ಸಿರಿ ಗೋಳಾಟದಲ್ಲಿ. ಗಾದೆಯ ಮೊದಲರ್ಧ ಹಿರಿಯರದು, ಉಳಿದರ್ಧ ನನ್ನದು. ಆದರೆ ಈಗ ಹೇಳುವ ಕಥೆಯಲ್ಲಿ ನನ್ನ ಕಲಬೆರಕೆ ಏನೂ ಇಲ್ಲ, ನಮ್ಮೂರು ಕೆರಗೋಡಿನಲ್ಲಿ ನಡೆದದ್ದು ನಡೆದ ಹಾಗೆ.

ನಮ್ಮ ಸೋದರಮಾವ ದೊಡ್ಡಸಿದ್ದಯ್ಯನ ಕಬ್ಬು ನೋಡಬೇಕು ನೀವು! ಒಳಗೆ ಆನೆ ನಿಂತರೂ ಸೊಂಡಿಲು ಕಾಣದು. ಆದರೆ ಅವರೆದುರು ಹಾಗೆ ಬಾಯಿಬಿಟ್ಟು ಹೊಗಳಿದಿರೋ, ನೆಲಕ್ಕೆ ಥೂ ಥೂ ಎಂದು ಉಗಿದು, ‘ಎಲ್ ಬಂದದ್ಲಾ, ಬರೀ ಗರಿ’ ಅನ್ನುತ್ತಾರೆ. ಬೇರೆಯವರು ಹೊಗಳಿದರೆ ದೃಷ್ಟಿ. ತಾನೇ ಹೊಗಳಿಕೊಂಡರೆ ಅದಕ್ಕಿಂತ ದೊಡ್ಡ ದೃಷ್ಟಿ. ಹೋದ ವರ್ಷ ಬೆಳೆ ಸ್ಪರ್ಧೆಯವರು ಬಂದು ಬದುವಿನ ಮೇಲೆ ನಿಂತು ‘ಬೆಳೆ ಹೇಗಿದೆ ಯಜಮಾನ್ರೇ?’ ಅಂದಾಗ ಮಾವ, ‘ಎಲ್ಲಾ ಗೊಣ್ಣೆಹುಳ ತಿಂದೋಗದೆ ಸಾ’ ಅಂದುಬಿಟ್ಟರು. ಪಾಪ, ಅವರು ಗದ್ದೆಗೆ ಇಳಿಯದೆ ಜೀಪು ಹತ್ತಿದರು. ಬಹುಮಾನ ಮಾವನ ಕಬ್ಬಿನ ಸೊಂಟಕ್ಕೂ ಬಾರದ ಕಬ್ಬಿಗೆ ಹೋಯಿತು.

ಈ ವರ್ಷ ಸ್ಪರ್ಧೆ ಹತ್ತಿರ ಬಂದಾಗ ಮಂಚಮ್ಮತ್ತೆ ನನ್ನನ್ನು ಹಿಡಿದು ನಿಲ್ಲಿಸಿದರು. ‘ಲೋ ಅಸೋಕ, ಇಂಗ್ಲಿಸ್‌ನಾಗೆ ಎಮ್ಮೆ ಓದಿದ್ದೀಯಲ್ಲ, ನಿಮ್ಮಾವನ ಬಾಯಿಂದ ಒಂದು ಒಳ್ಳೆ ಮಾತು ಏಳ್ಸ್ಲಾ. ನೀರ್ ಕಟ್ಟಿದ್ದು, ಒಣಗಿದ್ ಗರಿ ರವದಿ ಬುಡಿಸಿದ್ದು ನಾನೂ ಅಲ್ವಾ? ಈ ಸಲನೂ ಗೊಣ್ಣೆಹುಳ ಅಂದ್ರೆ ನಾ ತೌರ್ಗೆ ಓಯ್ತೀನಿ, ಅಷ್ಟೆ.’ ನನ್ನ ಎಂಎ ಅತ್ತೆಯ ಬಾಯಲ್ಲಿ ಯಾವತ್ತೂ ಎಮ್ಮೆಯೇ. ಹಾಲು ಕೊಡದ್ದು.

ಮಾವನ ಪಕ್ಕ ಹೋಗಿ ಕೂತೆ. ‘ಮಾವ, ನಮ್ಮೂರ ದೃಷ್ಟಿಗೆ ಕನ್ನಡ ಬತ್ತದೆ, ಸರಿ. ಇಂಗ್ಲಿಷ್ ಬತ್ತದಾ?’

ಮಾವ ಬಾಯಿಂದ ಬೀಡಿ ತೆಗೆದು ಯೋಚಿಸಿದರು. ‘ಎಲ್ಲಿ ಬತ್ತದ್ಲಾ? ಅದೇನ್ ಕಾನ್ವೆಂಟ್‌ಗೆ ಓಗಿತ್ತಾ?’

ಹಾಗಾದರೆ ಹೊಗಳುವುದೆಲ್ಲ ಇಂಗ್ಲಿಷಿನಲ್ಲೇ ಅಂತ ಪಾಠ ಶುರುವಾಯಿತು. ನಾಲೆ ನೀರು ಕುಡಿದು ಮಿರಮಿರ ಮಿಂಚುವ ಹಸಿರು ‘ಲಷ್’. ಬದು ದಾಟಿ ಪಕ್ಕದವನ ಗದ್ದೆಗೂ ನುಗ್ಗುವುದು ‘ರ‍್ಯಾಂಪಂಟ್’. ಕಿತ್ತಷ್ಟೂ ಸುರಿಯುವುದು ‘ಪ್ರೊಫ್ಯೂಸ್’. ಮೈತುಂಬಿ ತೂಗಾಡುವುದು ‘ಲಕ್ಷುರಿಯಂಟ್’. ಬೆಳೆಯುವ ಹುರುಪು ತಡೆಯಲಾರದೆ ಉಕ್ಕುವುದು ‘ಎಕ್ಸ್ಯೂಬರಂಟ್’. ಮಾವನಿಗೆ ರುಚಿ ಹತ್ತಿಬಿಟ್ಟಿತು.

‘ಕಳೆ ಇಂಗ್ ಬೆಳುದ್ರೆ ಏನಂದರ್ಲಾ?’

‘ರ‍್ಯಾಂಕ್ ಅಂತಾರೆ ಮಾವ.’

‘ಓ, ನೀನ್ ಪರೀಕ್ಸೇಲಿ ತಗಂಡಿದ್ದು ಅದೇಯಾ!’

ಆಮೇಲೆ ಮನೆಯಲ್ಲಿ ಕನ್ನಡಕ್ಕೆ ಬರ ಬಂತು. ‘ಅಮ್ಮಿ, ಸೊಪ್ಪಿನ ಸಾರು ಪ್ರೊಫ್ಯೂಸಾಗಿ ಬುಡು’ ಅಂತ ಮಾವ ಅತ್ತೆಗೆ ಹೇಳಿ ಮುದ್ದೆ ಮುರಿಯುವರು. ‘ಗಡ್ಡ ರ‍್ಯಾಂಪಂಟಾಗದೆ’ ಅಂತ ಕ್ಷೌರಕ್ಕೆ ಹೊರಡುವರು.

ನಾನು ಇಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯ ಮೇಷ್ಟ್ರು ಅನ್ನಿಸಿಕೊಳ್ಳುತ್ತಿದ್ದೆ. ಆದರೆ ಯಾರದಾದರೂ ದನಿ ಅಣಕಿಸದಿದ್ದರೆ ನನ್ನ ಗಂಟಲು ಕೆರೆಯುತ್ತದಲ್ಲ! ಮಾವನ ಪಕ್ಕದ ಗದ್ದೆಯ ಮುದ್ದಮ್ಮ ಹೊಗಳುವುದರಲ್ಲಿ ಎತ್ತಿದ ಕೈ. ಆಯಮ್ಮ ಹೊಗಳಿದ ಹಸು ಮಾರನೇ ದಿನವೇ ಒದೆಯುತ್ತದೆ ಅಂತ ಊರಿನವರ ಮಾತು. ಆಕೆಯ ರಾಗವೋ, ನನ್ನ ಗಂಟಲಿಗೆ ಅಳತೆ ಕೊಟ್ಟು ಹೊಲಿಸಿದಂತೆ ಒಪ್ಪುತ್ತದೆ.

ಸ್ಪರ್ಧೆಯ ಬೆಳಿಗ್ಗೆ ಅತ್ತೆ ಪಂಪ್‌ಸೆಟ್ ಮನೆ ಮುಂದೆ ಮೂರು ಕಲ್ಲು ಹೂಡಿ, ಬರುವವರಿಗೆ ಟೀ ಇಟ್ಟಿದ್ದರು. ಮಾವ ಒಗೆದ ಪಂಚೆ ಉಟ್ಟು, ಹೊಸ ಮಾತುಗಳನ್ನು ಬಾಯೊಳಗೇ ಉರು ಹೊಡೆಯುತ್ತಿದ್ದರು. ನಾನು ಕಬ್ಬಿನೊಳಗೆ ನುಸುಳಿ ಕೂತು, ಮುದ್ದಮ್ಮನ ದನಿ ತೆಗೆದೆ:

‘ಅಯ್ಯಯ್ಯಪ್ಪೋ, ದೊಡ್ಸಿದ್ದಣ್ಣನ ಕಬ್ಬಾ! ಏನ್ ಲಷ್ ಕಣವ್ವೋ! ಏನ್ ರ‍್ಯಾಂಪಂಟ್ ಕಣವ್ವೋ!’

ಮಾವ ಎದ್ದು ನಿಂತರು. ‘ಅಮ್ಮಿ! ಕೆಟ್ಟೋ ಕಣಮ್ಮಿ! ದೃಷ್ಟಿ ಇಂಗ್ಲಿಸ್ ಕಲ್ತ್‌ಬುಡ್ತು!’

ಪಂಪ್‌ಸೆಟ್ ಮನೆಗೆ ಓಡಿ ಹಿಡಿ ಒಣಮೆಣಸಿನಕಾಯಿ ತಂದು, ಕಬ್ಬಿಗೆ ನೀವಾಳಿಸಿ ಒಲೆಗೆ ಎಸೆದರು. ಮೆಣಸಿನಕಾಯಿ ಸುಟ್ಟಾಗ ಘಾಟು ಬಂದರೆ ದೃಷ್ಟಿ ಆಗಿಲ್ಲ. ಬರದಿದ್ದರೆ ಆಗಿದೆ, ಭಾರಿಯಾಗಿಯೇ ಆಗಿದೆ. ಇದು ಊರಿಗೆಲ್ಲ ಗೊತ್ತಿರುವ ಲೆಕ್ಕ. ಮಾವ ಮೂಗು ಅರಳಿಸಿದರು. ಘಾಟಿಲ್ಲ! ಅತ್ತೆಯೂ ಮೂಸಿದರು. ಇಲ್ಲ! ಹಾಳು ಗಾಳಿ ಹೊಗೆಯನ್ನೆಲ್ಲ ಕಬ್ಬಿನ ಕಡೆಗೇ ಹೊಡೆಯುತ್ತಿತ್ತು ಅಂತ ಅವರಿಗೇನು ಗೊತ್ತು.

ಅಷ್ಟರಲ್ಲಿ ಜೀಪು ಬಂತು. ಅಧಿಕಾರಿ ದೀಪಿಕ ಮೇಡಂ ಇಳಿದು ಬದುವಿನ ಮೇಲೆ ನಿಂತರು. ‘ಹೇಗಿದೆ ಯಜಮಾನ್ರೇ ಬೆಳೆ?’

ಮಾವನ ಮುಖ ಬಾಡಿಹೋಗಿತ್ತು. ‘ಏನೇಳ್ಲಿ ಮೇಡಮ್ಮೋರೆ... ಗೊ... ಗೊಣ್ಣೆ...’

ಅತ್ತೆ ಸೆರಗು ಕಚ್ಚಿಕೊಂಡರು.

ಆ ಹೊತ್ತಿಗೆ ಘಾಟು ನನ್ನ ಮೂಗಿಗೆ ನುಗ್ಗಿತು. ಮೊದಲ ಕೆಮ್ಮು ಮುದ್ದಮ್ಮನ ದನಿಯಲ್ಲಿ ಬಂತು, ಎರಡನೆಯದು ನನ್ನದರಲ್ಲಿ, ಮೂರನೆಯದಕ್ಕೆ ನಾನೇ ಬಂದೆ. ಕಣ್ಣು ಮೂಗು ಸೋರಿಸಿಕೊಂಡು, ಗರಿಯಲ್ಲಿ ಮೈಯೆಲ್ಲ ಕೊಯ್ಯಿಸಿಕೊಂಡು ಮಾವನ ಕಾಲ ಬಳಿ ಬಿದ್ದೆ.

‘ಘಾಟು... ಘಾಟು ಮಾವ!’

ಮಾವ ನನ್ನನ್ನು ನೋಡಿದರು. ಕಬ್ಬನ್ನು ನೋಡಿದರು. ಗಾಳಿ ತಿರುಗಿ ಮೇಡಂ, ಡ್ರೈವರ್, ಅತ್ತೆ ಎಲ್ಲರೂ ಒಟ್ಟಿಗೆ ಕೆಮ್ಮತೊಡಗಿದರು.

‘ಘಾಟು ಬಂದದೆ! ದೃಷ್ಟಿ ಆಗಿಲ್ಲ ಕಣಮ್ಮಿ!’ ಮಾವ ಕುಣಿದೇಬಿಟ್ಟರು. ‘ಮೇಡಮ್ಮೋರೆ, ನಮ್ ಕಬ್ಬು ಲಷ್ಷು! ರ‍್ಯಾಂಪಂಟು! ಲಕ್ಷುರಿಯಂಟು! ಎಕ್ಸ್ಯೂಬರಂಟು! ಕನ್ನಡದಲ್ಲೇ ಬೇಕಾ? ಬಲೇ ಚೆಂದಾಗದೆ, ಇಳುದ್ ನೋಡಿ!’

ಮೇಡಂ ಕಣ್ಣೊರೆಸಿಕೊಂಡು ಟೇಪು ಹಿಡಿದು ಇಳಿದರು. ಕಬ್ಬಿನ ನಡುವಿನಿಂದ ಅವರ ಮಾತು ಕೇಳಿತು: ‘ಅಬ್ಬಾ, ಇಂಥದ್ದನ್ನ ಈ ವರ್ಷ ಎಲ್ಲೂ ನೋಡಿಲ್ಲ ಕಣ್ರೀ!’ ಮಾವ ಉಗಿಯಲಿಲ್ಲ. ಅತ್ತೆ ಟೀಗೆ ಇನ್ನೊಂದು ಹಿಡಿ ಸಕ್ಕರೆ ಸುರಿದರು.

ಆಗ ಪಕ್ಕದ ಗದ್ದೆಯಿಂದ ಕುಡುಗೋಲು ಹಿಡಿದು ಬಂದವಳು ಸಾಕ್ಷಾತ್ ಮುದ್ದಮ್ಮ. ‘ಯಾವನ್ಲಾ ಅವ್ನು, ನನ್ ದನೀಲಿ ಕೂಗಿದೋನು?’

ಮಾವ ನನ್ನ ಕಡೆ ಬೆರಳು ಮಾಡಿದರು. ನಾನು ನಾಲೆಯ ಏರಿಯ ಮೇಲೆ ಓಡುತ್ತಿದ್ದರೆ ಹಿಂದೆ ಎಲ್ಲರೂ ನಗುತ್ತಿದ್ದರು. ತಿರುಗಿ ನೋಡಿದೆ: ಮಾವ ಬದುವಿನ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದೆ ನಗುತ್ತಿದ್ದರು. ದೂರದ ಯಲಿಯೂರು ಸ್ಟೇಷನ್ನಿನ ರೈಲಿಗೂ ಕೇಳಿಸಿರಬೇಕು.