ತೊಳೆಯಬಾರದ ಬಾಟಲಿ

ಆ ಬೀದಿಯಲ್ಲಿ ನಲ್ಲಿಗಳಿದ್ದವು, ನಲ್ಲಿಯಲ್ಲಿ ನೀರೂ ಬರುತ್ತಿತ್ತು. ಆದರೆ ಅದು ನೆಲ ಒರೆಸಲಿಕ್ಕೆ, ಬಟ್ಟೆ ಒಗೆಯಲಿಕ್ಕೆ. ಬಾಯಿಗೆ ಹಾಕುವ ನೀರೆಂದರೆ ಡ್ರೈವರ್ ಮನೆಯ ಬಾವಿಯದು. ನಲ್ಲಿ ನೀರಿಗೆ ಔಷಧಿ ವಾಸನೆ, ಬಾವಿ ನೀರಿಗೆ ಕಲ್ಲುಸಕ್ಕರೆ ರುಚಿ ಎಂದು ಬೀದಿಯೇ ತೀರ್ಮಾನ ಮಾಡಿತ್ತು. ಆ ಬಾವಿಯನ್ನು ತೋಡಿದವನು ಡ್ರೈವರ್ ಮಗನೇ. ಅವನು ಕಟ್ಟಡದ ಮೇಸ್ತ್ರಿಯಾಗಿದ್ದ. ಅವನು ತೀರಿಕೊಂಡು ವರ್ಷ ಕಳೆದಿತ್ತು. ಕೊಡ ಸೊಂಟಕ್ಕೇರಿಸಿಕೊಳ್ಳುತ್ತಾ ಯಾರಾದರೂ "ಹೋದ್ಮೇಲೂ ನಮಗೆಲ್ಲ ನೀರು ಕುಡಿಸ್ತಿದ್ದಾನೆ ನಿಮ್ಮ ಮಗ" ಅಂದರೆ ಸಾಕು, ಅವನ ತಾಯಿಗೆ ಅವತ್ತು ಎರಡು ತುತ್ತು ಹೆಚ್ಚು ಸೇರುತ್ತಿತ್ತು.

ಸೊಸೆಗೆ ಆ ಮಾತು ಕೇಳಿದರೆ ಏನೂ ಅನಿಸುತ್ತಿರಲಿಲ್ಲ. ಏನೂ ಅನಿಸದಿರುವುದೇ ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಅತ್ತುಬಿಡು, ಹಗುರಾಗುತ್ತೆ ಎಂದು ಹೇಳಿ ಹೇಳಿ ಹೇಳುವವರೇ ದಣಿದಿದ್ದರು. ಕಲ್ಲಾಗಿದ್ದ ಅವಳೊಳಗೆ ಒಂದೇ ಒಂದು ಜಾಗ ಮಾತ್ರ ನೋಯುತ್ತಿತ್ತು: ಮಗಳ ಹೊಟ್ಟೆ.

ಪುಟ್ಟಿಗೆ ಇನ್ನೂ ಮಾತು ತೊದಲು. ಒಂದು ವಾರ ನೆಟ್ಟಗಿದ್ದರೆ ಮರುವಾರ ಭೇದಿ. ಹೊಟ್ಟೆ ಹಿಡಿದುಕೊಂಡು "ಇಲ್ಲಿ, ಇಲ್ಲಿ" ಅನ್ನುತ್ತಿತ್ತು. ಕೈಕಾಲು ಕಡ್ಡಿಯಂತಾಗಿದ್ದವು. ಡಾಕ್ಟರಮ್ಮ ಔಷಧಿ ಬರೆದು ಬರೆದು ಬೇಸತ್ತು, ಕೊನೆಗೊಂದು ದಿನ ಪೆನ್ನು ಕೆಳಗಿಟ್ಟು ಕೇಳಿದರು: "ಕುಡಿಯೋ ನೀರು ಎಲ್ಲಿಂದ ತರ್ತೀರಿ?"

"ಮನೆ ಬಾವಿ."

"ಟೆಸ್ಟ್ ಮಾಡ್ಸಿದ್ದೀರಾ?"

ಸೊಸೆ ಇಲ್ಲವೆಂದು ತಲೆಯಾಡಿಸಿದಳು. ಬರುವ ದಾರಿಯಲ್ಲೇ ನೀರಿನ ಪ್ರಯೋಗಾಲಯಕ್ಕೆ ಹೋಗಿ ಬಾಟಲಿ ತಂದಳು.

ಅಲ್ಲಿನ ಹೆಂಗಸು ಬಿಳಿ ಕೋಟು ಹಾಕಿಕೊಂಡು, ಪೆನ್ನನ್ನು ಮುಡಿಗೆ ಸಿಕ್ಕಿಸಿಕೊಂಡಿದ್ದಳು. ಕಾಗದ ಸುತ್ತಿದ ಪುಟ್ಟ ಬಾಟಲಿ ಕೈಗಿಟ್ಟು, "ಒಳಗೆ ಪರೀಕ್ಷೆಗೆ ಹಾಕಿದ ಚೂರು ಪುಡಿ ಇದೆ, ಅದಿರಲಿ. ಬಾಟಲಿ ತೊಳೀಬೇಡಿ. ಮುಚ್ಚಳದ ಒಳಗಡೆ ಬೆರಳು ತಾಕಿಸ್ಬೇಡಿ. ಬಾವಿ ಮೋಟರಿನ ನಲ್ಲಿ ಬಾಯನ್ನ ಬೆಂಕಿಯಿಂದ ಸುಟ್ಟು, ಸ್ವಲ್ಪ ಹೊತ್ತು ನೀರು ಹರಿಯೋಕೆ ಬಿಟ್ಟು ಆಮೇಲೆ ಹಿಡೀರಿ. ಐಸ್ ಪಕ್ಕ ಇಟ್ಟು ಅವತ್ತೇ ತಂದುಕೊಡಿ" ಅಂದಳು. ಸೊಸೆ ಮನೆಗೆ ಬಂದು ಅತ್ತೆಗೂ ಅದನ್ನೇ ಒಪ್ಪಿಸಿದಳು.

ಅತ್ತೆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ನನ್ನ ಮಗನ ಬಾವೀನ ಪರೀಕ್ಷೆಗೆ ಕೂರಿಸ್ತೀಯಾ? ನೀನು ಓದಿದ್ದು ಸಾಲ್ದು ಅಂತ ಈಗ ಬಾವಿಗೂ ಮಾರ್ಕ್ಸಾ?"

"ಫಸ್ಟ್ ಕ್ಲಾಸೇ ಬರುತ್ತೆ ಬಿಡೇ" ಎಂದರು ಮಾವ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಅವರಿಗೆ ಮನೆಯ ಜಗಳವೆಂದರೆ ಟ್ರಾಫಿಕ್ಕು. ತಾನಾಗಿ ಸರಿಯುವವರೆಗೆ ಕಾಯುವುದು.

ಮರುದಿನ ಬೆಳಗ್ಗೆ ಪುಟ್ಟಿಗೆ ಜ್ವರ. ಸೊಸೆ ಮಗುವನ್ನು ಎತ್ತಿಕೊಂಡು ಡಾಕ್ಟರಮ್ಮನ ಬಳಿ ಓಡಿದಳು. ನೀರು ತುಂಬಿಸಿ ಕೊಟ್ಟುಬರುವ ಕೆಲಸ ಅತ್ತೆ ಮಾವನ ಪಾಲಿಗೆ ಬಿತ್ತು.

ಫಲಿತಾಂಶ ಬಂತು: ಒಂದೂ ಕ್ರಿಮಿಯಿಲ್ಲ. ಸುದ್ದಿ ಬೀದಿಯ ಕೊನೆ ಮನೆಗೂ ಮುಟ್ಟಿತು. ಅತ್ತೆ ಸೊಸೆಯ ಎದುರು ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಕೆಳಗಿಟ್ಟರು, ಅಷ್ಟೇ. ಸೊಸೆ ತನ್ನ ಕೈಯದೇ ತಪ್ಪಿರಬೇಕೆಂದುಕೊಂಡು ಕೈ ತೊಳೆದಳು, ಚಮಚ ತೊಳೆದಳು, ಆಟದ ಸಾಮಾನು ತೊಳೆದಳು, ಎಲ್ಲವನ್ನೂ ಅದೇ ಬಾವಿ ನೀರಲ್ಲಿ. ಪುಟ್ಟಿಗೆ ಮತ್ತೆ ಭೇದಿ ಹತ್ತಿತು.

ನಿಜ ಹೊರಬಿದ್ದದ್ದು ಬಾವಿಕಟ್ಟೆಯಲ್ಲಿ. ಟೈಲರಮ್ಮ ನೀರಿಗೆ ಬಂದಿದ್ದಳು. ಎದುರು ಮನೆಯವಳು, ಅಳತೆ ಟೇಪು ಕೊರಳಲ್ಲೇ ಇರುತ್ತಿತ್ತು. ಸೊಸೆ ಒಳಗೆ ಅಡುಗೆಮನೆಯ ಕಿಟಕಿ ಬಳಿ ಗಂಜಿ ಆರಿಸುತ್ತಿದ್ದಳು.

"ಅದು ಹೇಗೆ ನಿಮ್ಮ ಬಾವಿಗೆ ನೂರಕ್ಕೆ ನೂರು ಬಂತು?" ಎಂದಳು ಟೈಲರಮ್ಮ. "ನಮ್ಮಣ್ಣನ ಮನೇದು ಫೇಲು."

"ಅವರಿಗೆ ಕಳಿಸೋ ಕ್ರಮ ಗೊತ್ತಿಲ್ಲ" ಎಂದರು ಅತ್ತೆ. "ಹೊರಗಿನವರ ಕೈಗೆ ಹೋಗೋ ನೀರು, ಹಾಗೇ ಕಳಿಸ್ತಾರಾ ಯಾರಾದ್ರೂ? ಬಾಟಲೀಲಿ ಏನೋ ಸುಣ್ಣದ ಪುಡಿ ಥರ ಕೊಳೆ ಇತ್ತು, ಉಜ್ಜಿ ಉಜ್ಜಿ ತೊಳೆದೆ. ನೀರನ್ನ ಮೂರು ಉಕ್ಕು ಬರೋ ಹಾಗೆ ಕುದಿಸಿ, ಆರಿಸಿ, ಬಿಳಿ ಬಟ್ಟೇಲಿ ಸೋಸಿ ತುಂಬ್ಸಿದೆ. ಮಗನ ಹೆಸರಿರೋ ನೀರು ಕಣಮ್ಮ. ತಲೆ ಬಾಚದೆ ಮಗೂನ ಫೋಟೋಕ್ಕೆ ಕೂರಿಸ್ತೀವಾ?"

ಸೊಸೆಯ ಕೈಯಲ್ಲಿ ಚಮಚ ನಿಂತಿತು. ಅವಳಿಗೆ ಮೊದಲು ಬಂದದ್ದು ನಗು. ಆಮೇಲೆ ಅದು ಬೇರೇನೋ ಆಯಿತು. ತುಂಬಾ ದಿನಗಳ ಮೇಲೆ ಅವಳಿಗೆ ಕೋಪ ಬಂದಿತ್ತು. ಅದರ ಬಿಸಿ ಅವಳಿಗೇ ಹೊಸದೆನಿಸಿತು.

ಅವಳು ಅವತ್ತು ಜಗಳ ಆಡಲಿಲ್ಲ. ಇನ್ನೊಂದು ಬಾಟಲಿ ತಂದಳು. ಬೆಳಗ್ಗೆ ಎಲ್ಲರೂ ಎದ್ದ ಮೇಲೆ, ಎಲ್ಲರ ಕಣ್ಣೆದುರೇ, ಹಿತ್ತಲಿನ ಮೋಟರ್ ಹಾಕಿದಳು. ಹತ್ತಿಯುಂಡೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿದಳು. ಮೋಟರಿನ ಕಬ್ಬಿಣದ ನಲ್ಲಿಯ ಬಾಯಿಗೆ ನೀಲಿ ಉರಿ ಸುತ್ತಿಕೊಂಡಿತು.

"ಅಯ್ಯೋ, ನಲ್ಲಿಗೆ ಕೊಳ್ಳಿ ಇಡ್ತಿದ್ದಾಳಲ್ಲ ಇವಳು!" ಅತ್ತೆ ಬಾಗಿಲಲ್ಲಿ ನಿಂತು ಕೂಗಿದರು. "ರೀ, ಸುಮ್ನೆ ನೋಡ್ತಾ ಕೂತಿದ್ದೀರಲ್ಲ!"

"ನಾನು ಡ್ರೈವರ್ ಕಣೇ, ಫೈರ್ ಎಂಜಿನ್ ಅಲ್ಲ" ಎಂದರು ಮಾವ, ಪೇಪರಿನ ಹಿಂದಿನಿಂದ.

"ಒಂದ್ಸಲ ಪಾಸಾಗಿದ್ದನ್ನ ಮತ್ತೆ ಯಾಕೆ ಬರೆಸ್ತೀಯ?"

"ಅವತ್ತು ಪರೀಕ್ಷೆ ಬರೆದದ್ದು ಬಾವಿಯಲ್ಲ ಅತ್ತೆ. ನಿಮ್ಮ ಒಲೆ" ಎಂದಳು ಸೊಸೆ.

ನೀರು ಹರಿಯಲು ಬಿಟ್ಟಳು. ಬಾಟಲಿ ತೊಳೆಯಲಿಲ್ಲ, ಮುಚ್ಚಳವನ್ನು ಕೆಳಗಿಡಲಿಲ್ಲ. ನೀರು ಬಾಟಲಿಯ ಕುತ್ತಿಗೆ ಮುಟ್ಟುವ ಮೊದಲೇ ನಿಲ್ಲಿಸಿ ಮುಚ್ಚಿದಳು. ಐಸಿನ ಡಬ್ಬಿಯಲ್ಲಿಟ್ಟುಕೊಂಡು, ಮಗುವನ್ನು ಮಾವನ ತೊಡೆಗೆ ಹಾಕಿ, ತಾನೇ ಹೋಗಿ ಕೊಟ್ಟಳು. ಇನ್ನೊಂದು ದೊಡ್ಡ ಬಾಟಲಿಯನ್ನೂ ಕೊಟ್ಟು, ಬೇರೆ ಏನೇನು ನೋಡಬಹುದೋ ಎಲ್ಲ ನೋಡಿ ಎಂದಳು. ಅಲ್ಲಿಯವರೆಗೆ ಪುಟ್ಟಿಗೆ ಬೀದಿ ನಲ್ಲಿಯ ನೀರನ್ನೇ ಕುದಿಸಿ ಕೊಟ್ಟಳು. "ಮನೇಲಿ ಅಮೃತ ಇಟ್ಕೊಂಡು ಮಗೂಗೆ ಒಗೆಯೋ ನೀರು ಕುಡಿಸ್ತಾಳೆ" ಎಂಬ ಮಾತು ಅವಳ ಬೆನ್ನ ಹಿಂದೆಯೇ ಸುತ್ತಿತು. ಮಗುವಿನ ಭೇದಿ ನಿಂತಿತು. ಅದನ್ನು ಯಾರೂ ಆಡಿಕೊಳ್ಳಲಿಲ್ಲ.

ಈ ಸಲ ಪ್ರಯೋಗಾಲಯದ ಹೆಂಗಸು ಅವಳನ್ನು ಕೂರಿಸಿಕೊಂಡು ಮಾತಾಡಿದಳು.

"ಕಕ್ಕಸಿನ ಗುಂಡಿ ಬಾವಿಗೆ ಎಷ್ಟು ದೂರ ಇದೆ?"

ಸೊಸೆ ಕಣ್ಣು ಮುಚ್ಚಿ ಹಿತ್ತಲನ್ನು ನೋಡಿದಳು. ಮನೆ ಇಳಿಜಾರಿನಲ್ಲಿತ್ತು, ಮುಂದಿನ ಅಂಗಳ ಎಲ್ಲಕ್ಕಿಂತ ತಗ್ಗಿನಲ್ಲಿ. ಮೇಲೆ ಗುಂಡಿ, ಕೆಳಗೆ ಬಾವಿ, ನಡುವೆ ಒಂದು ಬಟ್ಟೆ ಒಣಹಾಕುವ ತಂತಿಯಷ್ಟು ಜಾಗ. ಎರಡನ್ನೂ ತೋಡಿದ್ದು ಒಂದೇ ಕೈ.

"ಹತ್ರ. ಮೇಲ್ಗಡೆ."

"ಅದೇ ಇಳೀತಿದೆ. ಮಲದ ಕ್ರಿಮಿ ಇದೆ. ಕುದಿಸಿದ್ರೆ ಅದು ಸಾಯುತ್ತೆ. ಆದ್ರೆ ನೈಟ್ರೇಟ್ ಅನ್ನೋ ಉಪ್ಪೂ ಜಾಸ್ತಿ ಇದೆ. ಅದು ಕುದಿಸಿದ್ರೆ ಹೋಗಲ್ಲ, ಇನ್ನೂ ಗಟ್ಟಿಯಾಗುತ್ತೆ. ಎಳೇ ಮಕ್ಕಳಿಗಂತೂ ಕೊಡಲೇಬಾರದು, ಮೈ ನೀಲಿಗಟ್ಟುತ್ತೆ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕೋದು ಆಮೇಲೆ. ಮೊದಲು ಆ ಗುಂಡಿ ಮುಚ್ಚಿ, ಬಾವಿಗಿಂತ ತಗ್ಗಿನಲ್ಲಿ ದೂರ ಬೇರೆ ತೋಡ್ಬೇಕು."

ಟೈಲರಮ್ಮನ ಮಗಳು ಬಾಣಂತನಕ್ಕೆ ಬಂದಿದ್ದಳು. ಹಾಲು ಸಾಲದೆ ಕೂಸಿಗೆ ಪುಡಿ ಹಾಲು ಕಲಸಿ ಕೊಡುತ್ತಿದ್ದರು. ಕಲಸುತ್ತಿದ್ದದ್ದು ಈ ಬಾವಿಯ ನೀರಿನಲ್ಲೇ. ಸೊಸೆ ಬಸ್ಸಿಗೆ ಕಾಯದೆ ನಡೆದೇ ಬಂದಳು.

ಮನೆಯಲ್ಲಿ ಹೇಳಿದಳು. ಮಾವ ಪೇಪರ್ ಮಡಚಿಟ್ಟರು. ಅತ್ತೆ ಕೂತಲ್ಲಿಂದ ಏಳಲಿಲ್ಲ.

"ಅಂದ್ರೆ ನನ್ನ ಮಗ ಬೀದಿಗೆಲ್ಲ ಹೇಲು ಕುಡಿಸ್ದ ಅಂತೀಯ."

"ಗೊತ್ತಿಲ್ದೆ ಆಯ್ತು."

"ಅವನಿಗಾ ಗೊತ್ತಿರ್ಲಿಲ್ಲ? ಊರಿಗೆಲ್ಲ ಮನೆ ಕಟ್ಟಿಕೊಟ್ಟೋನಿಗೆ? ಮನೆ ಮುಂದಿನ ಅಂಗಳದಲ್ಲೇ ಗುಂಡಿ ತೋಡ್ತೀನಿ ಅಂತ ಗುರುತು ಹಾಕಿದ್ದ ಅವನು…" ಅತ್ತೆಯ ಮಾತು ಅಲ್ಲಿಗೇ ಕಡಿಯಿತು.

"ಮತ್ತೆ ಹಿತ್ತಲಿಗೆ ಯಾಕೆ ಹೋಯ್ತು?"

ಉತ್ತರ ಕೊಟ್ಟದ್ದು ಮಾವ. "ಬಾಗಿಲ ಮುಂದೆ ಕಕ್ಕಸಿನ ಗುಂಡಿ ಇಟ್ಕೊಂಡು ಯಾರಿಗೆ ಮುಖ ತೋರ್ಸಲಿ ಅಂತ ಇವಳು ಎರಡು ದಿನ ಊಟ ಬಿಟ್ಲು. ಅವನು ಸೋತ. ನಾನೂ ಸುಮ್ನಿದ್ದೆ."

"ನನ್ನ ಮೇಲೆ ಹಾಕಿ, ಹಾಕಿ!" ಅತ್ತೆ ಎದ್ದು ಹೋಗಿ ಹಂಡೆಯಿಂದ ಒಂದು ಲೋಟ ಬಾವಿ ನೀರು ತುಂಬಿಕೊಂಡು ಬಂದರು. ಸೊಸೆಯ ಎದುರು ನಿಂತು, ಅವಳ ಕಣ್ಣಲ್ಲಿ ಕಣ್ಣಿಟ್ಟು, ಗಟಗಟನೆ ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡರು. "ನನ್ನ ಮಗ ನನಗೆ ವಿಷ ಕೊಡಲ್ಲ."

ಸೊಸೆ ತಡೆಯಲಿಲ್ಲ. "ನಿಮ್ಮ ಹೊಟ್ಟೆ, ನಿಮ್ಮಿಷ್ಟ. ಪುಟ್ಟಿಗೆ ಕೊಟ್ಟರೆ ಮಾತ್ರ ನಾನು ಸುಮ್ನಿರಲ್ಲ. ಬೀದಿಗೂ ಇನ್ನು ಒಂದು ತೊಟ್ಟು ಹೋಗಲ್ಲ."

"ಬೀದೀಲಿ ಏನಂತ ಹೇಳ್ತೀಯ? ಬಾವಿ ಬತ್ತಿತು ಅನ್ನು. ಮೋಟರ್ ಕೆಟ್ಟಿದೆ ಅನ್ನು." ಅತ್ತೆಯ ದನಿ ಇಳಿಯಿತು. "ಅವನ ಹೆಸರು ಕೆಡಿಸ್ಬೇಡ. ಅವನದು ಅಂತ ಉಳಿದಿರೋದು ಅದೊಂದೇ ಕಣೇ."

"ಅದೊಂದೇ ಅಲ್ಲ" ಎಂದಳು ಸೊಸೆ. ನೆಲದಲ್ಲಿ ಪುಟ್ಟಿ ಕೂತು ಮಾವನ ಚಪ್ಪಲಿಯನ್ನು ಬಸ್ಸು ಮಾಡಿ ಓಡಿಸುತ್ತಿತ್ತು.

ಹೊರಗೆ ಕೊಡ ಕಟ್ಟೆಗೆ ತಾಗಿದ ಸದ್ದಾಯಿತು. ಟೈಲರಮ್ಮ ಬಂದಿದ್ದಳು. ಸೊಸೆ ಹಿತ್ತಲಿಗೆ ಹೋಗಿ ಮೋಟರಿನ ಫ್ಯೂಸ್ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಕೆಟ್ಟಿನ ಹಗ್ಗ ಸುತ್ತಿ ಪಕ್ಕಕ್ಕಿಟ್ಟಳು. ಆಮೇಲೆ ಬಾವಿಗೂ ಕೊಡಕ್ಕೂ ನಡುವೆ ನಿಂತಳು.

"ನೀರು ಕೊಡಲ್ಲ."

ಟೈಲರಮ್ಮ ನಕ್ಕಳು. "ಏನು, ಇವತ್ತಿಂದ ಟಿಕೆಟ್ಟಾ?"

"ನೀರು ಕೆಟ್ಟಿದೆ. ಮೊದಲಿನ ಪರೀಕ್ಷೆ ಸುಳ್ಳು, ಕುದಿಸಿದ ನೀರು ಹೋಗಿತ್ತು. ನಮ್ಮ ಗುಂಡಿ ಬಾವಿಗಿಳೀತಿದೆ. ನಿಮ್ಮ ಮಗಳ ಕೂಸಿಗೆ ಇದರಲ್ಲಿ ಹಾಲು ಕಲಸ್ಬೇಡಿ. ಕುದಿಸಿದ್ರೂ ಬೇಡ. ಕಲಸಿಟ್ಟಿದ್ರೆ ಚೆಲ್ಲಿ. ಕೂಸಿನ ತುಟಿ, ಉಗುರು ನೀಲಿಗಟ್ಟಿದ್ರೆ ಈಗ್ಲೇ ಡಾಕ್ಟರ್ ಹತ್ರ ಹೋಗಿ."

ಟೈಲರಮ್ಮನ ಮುಖದಿಂದ ನಗು ಜಾರಿತು. "ಯಾರು ತೋಡಿದ್ದು ಆ ಗುಂಡಿ?" ಅವಳಿಗೂ ಗೊತ್ತಿತ್ತು. ಆದರೂ ಕೇಳಿದಳು.

ಅತ್ತೆ ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ನನ್ನ ಗಂಡ" ಎಂದಳು ಸೊಸೆ. ಅವನು ಹೋದ ಮೇಲೆ ಆ ಎರಡು ಪದ ಅವಳ ಬಾಯಿಂದ ಬಂದದ್ದು ಅದೇ ಮೊದಲು. ಅವಳು ನಿಲ್ಲಿಸಲಿಲ್ಲ. "ಬಾವಿ ತೋಡಿದ್ದೂ ಅವರೇ. ಒಂದು ಚೆನ್ನಾಗಿ ಮಾಡಿದ್ರು, ಇನ್ನೊಂದು ತಪ್ಪಾಗಿ ಮಾಡಿದ್ರು. ಎರಡನ್ನೂ ಬೀದಿಗೆ ಹೇಳಿ. ನಾನೇ ಹೇಳಿದೆ ಅಂತ ಹೇಳಿ."

"ಇಷ್ಟು ವರ್ಷ ಕುಡಿಸಿ ಈಗ ಹೇಳ್ತೀರಾ!" ಟೈಲರಮ್ಮ ಖಾಲಿ ಕೊಡ ಕಸಿದುಕೊಂಡು ಓಡಿದಳು. ಅವಳ ಕೂಗು ಅವಳಿಗಿಂತ ಮುಂದೆ ಹೋಯಿತು. ಒಂದೊಂದೇ ಬಾಗಿಲು ತೆರೆಯಿತು.

ಬಯ್ಗುಳ ಬರುತ್ತದೆಂದು ಸೊಸೆಗೆ ಗೊತ್ತಿತ್ತು. ಬರಲಿ. ಅವಳು ಮೂಲೆಯಿಂದ ಹಾರೆ ತಂದು ಮನೆಯ ಮುಂದಿನ ಅಂಗಳಕ್ಕೆ ಹೋದಳು. ಅಲ್ಲಿ ಅತ್ತೆಯ ಹೂವಿನ ಪಾತಿ ಇತ್ತು. ಎಲ್ಲರೂ ಬೇಲಿಯಾಚೆ ನಿಂತು ನೋಡುತ್ತಿರುವಾಗಲೇ ನಟ್ಟನಡುವೆ ಮೊದಲ ಪೆಟ್ಟು ಹಾಕಿದಳು. ನೆಲ ಗಟ್ಟಿ. ಹಾರೆ ಚಿಮ್ಮಿ ಅಂಗೈ ಉರಿಯಿತು.

"ಬಾಗಿಲ ಮುಂದೆ!" ಎಂದರು ಅತ್ತೆ, ಒಳಗಿನಿಂದ. "ಎಲ್ಲರೂ ನೋಡ್ತಿದ್ದಾರೆ!"

"ನೋಡ್ಲಿ ಅಂತಲೇ."

ಮಾವ ಲುಂಗಿ ಎತ್ತಿಕಟ್ಟಿಕೊಂಡು ಮೆಟ್ಟಿಲಿಳಿದು ಬಂದರು. ಬೇಲಿಯಾಚೆಯ ಜನರನ್ನು ಒಮ್ಮೆ ನೋಡಿದರು. "ಅಪ್ಪ ಹಾಕಿದ ಆಲದ ಮರ ಅಂತ ಅದಕ್ಕೇ ನೇಣು ಹಾಕ್ಕೋಬಾರದಂತೆ. ಮಗ ತೋಡಿದ ಬಾವಿಗೂ ಅದೇ ರೂಲು" ಎಂದು ಅವರಿಗೇ ಕೇಳುವಂತೆ ಹೇಳಿ ಸೊಸೆಯ ಕಡೆ ತಿರುಗಿದರು. "ಅಲ್ಲಲ್ಲ, ಅಲ್ಲಿ ಪೈಪಿದೆ. ಇನ್ನೂ ಕೆಳಗೆ ಹೋಗು. ಆ ಮೂಲೆಗೆ."

ಸೊಸೆ ಕೆಳಗೆ ಸರಿದಳು. ಅಂಗೈಗೆ ಉಗುಳಿಕೊಂಡು ಹಾರೆ ಎತ್ತಿದಳು. ಬಾಗಿಲ ಮರೆಯಲ್ಲಿ ಅತ್ತೆ ಅಳುತ್ತಿದ್ದರು. ಬೇಲಿಯಾಚೆ ಯಾರೋ ಬೈಯುತ್ತಿದ್ದರು. ಅವಳು ಎರಡನ್ನೂ ಕೇಳಿಸಿಕೊಂಡಳು, ಮತ್ತೊಂದು ಪೆಟ್ಟು ಹಾಕಿದಳು. ಈ ಸಲ ಮಣ್ಣು ಬಿಟ್ಟಿತು.