ಆಳ ಕೂಗುವವಳು

ದೋಣಿ ನೀರಡಿಯ ಮರಳುದಿಬ್ಬ ದಾಟುವಾಗ ಮುಂತುದಿಯ ಮೂತಿಯಲ್ಲಿ ನಿಂತು ಆಳ ಅಳೆಯುವುದು ನನ್ನ ಕೆಲಸವಾಗಿತ್ತು. ಸೀಸದ ಗುಂಡು ಕಟ್ಟಿದ ಹಗ್ಗವನ್ನು ನೀರಿಗೆ ಬಿಟ್ಟು, ‘ಎರಡು ಮಾರು’, ‘ಒಂದೂವರೆ’ ಎಂದು ಕೂಗಬೇಕು. ಶಾಲೆಯಲ್ಲಿ ಹಾಜರಿ ಹೇಳುವುದಕ್ಕೂ ಏಳದಿದ್ದ ಸ್ವರ ನನ್ನದು. ಚುಕ್ಕಾಣಿ ಹಿಡಿಯುವ ಭಾವ, ಅಂದರೆ ಅತ್ತೆಯ ಮಗ, ನನ್ನನ್ನು ಸೊಳ್ಳೆ ಎಂದೇ ಕರೆಯುತ್ತಿದ್ದ. ಆದರೂ ಮೂತಿಯ ಆ ಒಂದು ಹಲಗೆ ನನ್ನದು.

ಇಂಜಿನ್ ಸದ್ದಿನಲ್ಲಿ ನನ್ನ ಕೂಗು ಕೇಳಿಸುವುದಿಲ್ಲವೆಂದು ಅತ್ತೆ ಆಳ ತೋರಿಸುವ ಯಂತ್ರ ತಂದಳು. ಪರದೆ ಚುಕ್ಕಾಣಿಯ ಮುಂದೆ. ಸೋಪಿನ ಬಿಲ್ಲೆಯಷ್ಟು ದೊಡ್ಡದಾದ ಅದರ ಕಣ್ಣು ಹಿಂಬದಿಯ ಹಲಗೆಗೆ, ನೀರೊಳಗೆ.

“ಇನ್ನು ನೀನು ದಡದಲ್ಲಿ ಬಲೆ ಹೆಣೆದುಕೊಂಡಿರು, ಸಾಕು,” ಎಂದಳು ಅತ್ತೆ. ದಯೆಯಿಂದಲೇ ಹೇಳಿದಳು.

ದಡಕ್ಕೆಳೆದ ದೋಣಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಭಾವ ಆ ಕಣ್ಣು ಕೂರಿಸಲು ಇಂಜಿನ್ನಿನ ಪಂಖದ ಎಡಕ್ಕೆ ಸೀಮೆಸುಣ್ಣದ ಗುರುತು ಹಾಕಿದ. “ಬ್ಯಾಟರಿ ಈ ಕಡೇನೇ ಇದೆ. ವೈರ್ ಮೊಳದುದ್ದ ಸಾಕು.” ಡ್ರಿಲ್ ಎತ್ತಿಕೊಂಡ.

ಹಗ್ಗ ಸುತ್ತಿಟ್ಟ ಮೇಲೆ ಹಿಂದೆ ಹೋಗಿ ನೀರು ನೋಡುತ್ತ ಕೂರುವವಳು ನಾನು. ನಮ್ಮ ಪಂಖದ ರೆಕ್ಕೆಗಳು ಎಡಗಡೆ ಮೇಲಕ್ಕೇಳುತ್ತವೆ, ಅಲ್ಲಿ ನೊರೆ ಕುದಿಯುತ್ತದೆ. ಬಲಗಡೆ ಮೊಳದಾಚೆ ನೀರು ಎಣ್ಣೆಯಂತೆ ನುಣುಪು. ನೊರೆಯಲ್ಲಿ ಆ ಕಣ್ಣು ಕುರುಡು. ನಾಲ್ಕು ಸಲ ತಪ್ಪು ತೋರಿಸಿದರೆ ಯಂತ್ರ ಮೂಲೆಗೆ, ನಾನು ಮತ್ತೆ ಮೂತಿಗೆ. ಸುಮ್ಮನಿದ್ದರಾಯಿತು. ಅದು ನನಗೆ ಹುಟ್ಟಿನಿಂದ ಬಂದ ವಿದ್ಯೆ.

ಆದರೆ ಕುರುಡು ಯಂತ್ರದ ದಯೆಯಲ್ಲಿ ನಿಂತ ಹಲಗೆ ನನ್ನದು ಹೇಗಾದೀತು?

“ಅಲ್ಲಿ ಬೇಡ.”

“ಸೊಳ್ಳೆ ಏನೋ ಗುಂಯ್ ಅಂತು,” ಎಂದ ಭಾವ.

“ಅಲ್ಲಿ ನೊರೆ ಬರುತ್ತೆ. ಬಲಗಡೆ ಹಾಕು. ವೈರ್ ಬೆಂಚಿನ ಕೆಳಗಿಂದ ತಗೊಂಡ್ರೆ ಸಾಲುತ್ತೆ.”

“ಯಂತ್ರ ಬಂದ್ರೆ ನಿನಗೇ ಕೆಲಸ ಇಲ್ಲ. ನಿನಗ್ಯಾಕೆ ಈ ಉಸಾಬರಿ?”

ಅತ್ತೆ ಪಂಖವನ್ನು ಕೈಯಿಂದಲೇ ಓಡುವ ದಿಕ್ಕಿಗೆ ಒಂದು ಸುತ್ತು ತಿರುಗಿಸಿದಳು. ರೆಕ್ಕೆ ಎಡಗಡೆ ಎದ್ದು ಬಂತು. ಸೆರಗಿನಿಂದ ಸೀಮೆಸುಣ್ಣ ಒರೆಸಿ ಹಾಕಿದಳು.

ಕಣ್ಣು ಬಲಕ್ಕೆ ಕೂತಿತು. ದೋಣಿ ನೀರಿಗಿಳಿದೊಡನೆ ನಾನು ಹೋಗಿ ಚುಕ್ಕಾಣಿಯ ಹಿಂದೆ ಕೂತೆ.

“ಏಳು,” ಎಂದ ಭಾವ.

“ಏಳಲ್ಲ. ಅತ್ತೆ, ಕೂಗೋದು ಬೇಡ ಅಂತ ನೀನಂದೆ, ಸರಿ. ಪರದೆ ನೋಡೋಕೆ ಸ್ವರ ಬೇಡ. ಕಣ್ಣು ಸಾಕು, ಅದು ನನಗಿದೆ. ದಡದಲ್ಲಿ ಮಾತ್ರ ಕೂರಲ್ಲ.”

“ಅಮ್ಮಾ, ಇವಳು ದೋಣೀನ ದಿಬ್ಬಕ್ಕೆ ಹತ್ತಿಸ್ತಾಳೆ.”

“ಹೋದ ತಿಂಗಳು ಹತ್ತಿಸಿದ್ದು ಯಾರಪ್ಪ? ನಿಮ್ಮಜ್ಜನಾ?” ಅತ್ತೆ ಗುಂಡಿನ ಹಗ್ಗವನ್ನು ಅವನ ಮಡಿಲಿಗೆ ಎಸೆದಳು. “ಹೊಸ ಯಂತ್ರ, ಪೂರ್ತಿ ನಂಬೋಕಾಗಲ್ಲ. ಇವತ್ತು ನೀನು ಆಳ ಅಳೆ. ದಾಟಿಸಿದ್ಲು ಅಂದ್ರೆ ಕೂತಿರಲಿ.”

ದಿಬ್ಬ ಹತ್ತಿರವಾಯಿತು. ಚುಕ್ಕಾಣಿಯನ್ನು ಎರಡೂ ಕೈಯಲ್ಲಿ ಹಿಡಿದೆ. ಪರದೆಯಲ್ಲಿ ಅಂಕಿ ಇಳಿಯುತ್ತ ಬಂದು ನಿಂತಿತು. ನಾನು ಬಲಕ್ಕೆ ತಿರುಗಿಸಿದೆ, ಅಂಕಿ ಮತ್ತೆ ಏರಿತು. ದಿಬ್ಬ ಹಿಂದೆ ಸರಿಯಿತು.

“ಎರಡು ಮಾರು,” ಎಂದು ಮೂತಿಯಿಂದ ಭಾವ ಗೊಣಗಿದ. ನನಗೆ ಸರಿಯಾಗಿಯೇ ಕೇಳಿಸಿತ್ತು.

“ಕೇಳಿಸಲಿಲ್ಲ ಭಾವ,” ಎಂದೆ. “ಜೋರಾಗಿ.”