ಬೆನ್ನಿಗೆ ಹತ್ತಿದ ಮಣ್ಣು

ಯಂಕಂಚಿಯ ಮಾಳಿಂಗಪ್ಪ ಪೈಲವಾನ ತೊಡೆ ತಟ್ಟಿದರೆ ಮುದ್ದೇಬಿಹಾಳದ ಮರಗಳಿಂದ ಕಾಗೆಗಳು ಏಳುತ್ತಿದ್ದವು. ಸುಳ್ಳೆನ್ನುವವರು ಆ ಕಾಗೆಗಳನ್ನೇ ಕೇಳಲಿ. ಒಂದು ಎಮ್ಮೆಯ ಹಾಲು ಅವನ ಮೀಸೆ ತೋಯಿಸಲಿಕ್ಕೇ ಸಾಲುತ್ತಿರಲಿಲ್ಲ. ಇಂಥವನಿಗೂ ಭೂಮಿಯ ಮೇಲೆ ಒಬ್ಬ ಜೋಡಿಯಿದ್ದ: ತಾಳಿಕೋಟೆಯ ಚಮನಸಾಬ. ಇಬ್ಬರೂ ಎಷ್ಟೋ ಸಲ ಕುಸ್ತಿ ಹಿಡಿದಿದ್ದರು. ಪ್ರತಿಸಲವೂ ಹೊತ್ತು ಮುಳುಗಿ ಹಿರಿಯರು ಬಿಡಿಸುತ್ತಿದ್ದರೇ ಹೊರತು ಒಬ್ಬನ ಬೆನ್ನಿಗೂ ಮಣ್ಣು ಹತ್ತಿರಲಿಲ್ಲ. ತಾನು ಹೆಚ್ಚೋ ಅವನು ಹೆಚ್ಚೋ ಎಂಬುದೊಂದು ತಿಳಿಯದೆ ಮಾಳಿಂಗಪ್ಪನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಉಣ್ಣುತ್ತಿದ್ದುದೋ ಬುಟ್ಟಿಗಟ್ಟಲೆ ರೊಟ್ಟಿ.

ಆಗ ಬಂದವನು ಬಸಂತರಾಯ, ಟೂರಿಂಗ್ ಟಾಕೀಸು ನಡೆಸಿ ಪಳಗಿದ ಸಾವಕಾರ. ಎಪ್ಪತ್ತೈದನೇ ಇಸವಿಯ ಸುಮಾರಿಗೆ ಇಂಡಿ ಊರಿನ ಚಹಾದಂಗಡಿಗಳಲ್ಲೆಲ್ಲ ಜನ ರೇಡಿಯೋಕ್ಕೆ ಕಿವಿ ಅಂಟಿಸಿ ಕ್ರಿಕೆಟ್ ಕೇಳುವುದನ್ನು ಕಂಡು ಅವನ ಹೊಟ್ಟೆ ಉರಿದಿತ್ತು.

"ಆ ಮಂದಿ ಕುಸ್ತಿಗೆ ಯಾಕ ಬರೂದಿಲ್ಲ ಹೇಳು ಪೈಲವಾನ? ಧೂಳು! ಇಸ್ತ್ರಿ ಪ್ಯಾಂಟಿನವ ಮಣ್ಣಾಗ ಕೂಡ್ತಾನೇನು? ಅದಕ್ಕ ಸ್ಟೇಜ್ ಕಟ್ಟಿ ಬಿಳೀ ಗಾದಿ ಹಾಸ್ತೇನಿ. ಕುರ್ಚಿ ಹಾಕಸ್ತೇನಿ. ರಾಚಪ್ಪ ಮಾಸ್ತರ ಮೈಕಿನ್ಯಾಗ ಕ್ರಿಕೆಟ್ ಹೇಳಿದಂಗ ಹೇಳ್ತಾನ."

ಮಾಳಿಂಗಪ್ಪ ಹಲ್ಲು ಕಡಿಯುತ್ತಲೇ ಒಪ್ಪಿದ. ಚಮನಸಾಬನ ಜೊತೆ ಇನ್ನೊಂದು ಸಲ ಹಿಡಿಯಲು ಸಿಕ್ಕೀತಲ್ಲ! ಆದರೆ ಇಂಡಿಯಲ್ಲಿ ಮೊದಲ ಪಂದ್ಯದ ದಿನ ಸಾವಕಾರ ಇಬ್ಬರನ್ನೂ ಡೇರೆಯ ಪರದೆಯ ಹಿಂದೆ ಕರೆದ.

"ಇಂಡ್ಯಾಗ ಮಾಳಿಂಗಪ್ಪ ಗೆಲ್ತಾನ. ಸಿಂದಗ್ಯಾಗ ಚಮನಸಾಬ. ಮುದ್ದೇಬಿಹಾಳದಾಗ ಬರೋಬ್ಬರಿ, ಯಾರೂ ಗೆಲ್ಲೂದಿಲ್ಲ. ಬಸವನ ಬಾಗೇವಾಡ್ಯಾಗ ಫೈನಲ್! ಮಂದಿ ಬಸ್ಸಿನ ಮ್ಯಾಲ ಕುಂತು ಊರೂರಿಗೆ ಬರ್ತಾರ ನೋಡು!"

"ಅಂದ್ರ ಬೇಕಂತ ಬೀಳ್ಬೇಕೇನ್ರಿ?" ಮಾಳಿಂಗಪ್ಪನ ಕಿವಿಯಿಂದ ಹೊರಟ ಹೊಗೆ ಕಂಡು, ಡೇರೆಗೆ ಬೆಂಕಿ ಬಿತ್ತೆಂದು ಯಾರೋ ನೀರಿನ ಕೊಡ ತಂದರು.

"ಬಿದ್ದಂಗ ಮಾಡೂದಷ್ಟ. ಗಾದಿ ಐತಿ, ನೋಯೂದಿಲ್ಲ."

"ನೋಯೂದಿಲ್ಲಂತ! ಕೇಳಿದ್ಯಾ ಚಮನ್ಯಾ? ನಮಗ ನೋವಿನ ಚಿಂತಿ ಅಂತ ತಿಳದಾರ ಸಾವಕಾರ್ರು!"

ಚಮನಸಾಬ ಪರದೆ ಸರಿಸಿ ಗಾದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. "ಇದು ಬೀಗರಿಗೆ ಹಾಸೂ ಗಾದಿ ಐತೋ ಮಾಳ್ಯಾ. ಇದರ ಮ್ಯಾಲ ಯಾಂವ ಬಿದ್ರೂ ಬೆನ್ನಿಗೆ ಏನೂ ಹತ್ತೂದಿಲ್ಲ. ಬಿದ್ದಿದ್ದಕ್ಕ ಸಾಕ್ಷಿ ಏನು?"

"ಡೇರೆ ಹಿಂದ ನೇಗಿಲ ಹೊಡದ ಹೊಲ ಐತಿ."

"ನಡಿ ಮತ್ತ!"

ಇಬ್ಬರೂ ಡೇರೆಯ ಹಗ್ಗ ದಾಟಿ ಹೊಲಕ್ಕಿಳಿದರು. ಹಿಡಿ ಮಣ್ಣೆತ್ತಿ ಹಣೆಗೆ ಮುಟ್ಟಿಸಿ, ಒಬ್ಬರ ಭುಜಕ್ಕೊಬ್ಬರು ಸವರಿ ಕೈ ಕೂಡಿಸಿದರು. ಕುರ್ಚಿಗಳೆಲ್ಲ ಖಾಲಿ! ಇಸ್ತ್ರಿ ಪ್ಯಾಂಟಿನವರೇ ಮೊದಲು ಓಡಿ ಬಂದು ಹೆಂಟೆಗಳ ಮೇಲೆ ಕುಕ್ಕರಿಸಿದರು. ಎದ್ದ ಧೂಳನ್ನು ಮಳೆಮೋಡವೆಂದು ತಿಳಿದು ವಿಜಾಪುರದ ಹೆಂಗಸರು ಒಣಹಾಕಿದ ಹಪ್ಪಳ ಒಳಗಿಟ್ಟರು. ಕೊನೆಗೆ ಚಮನಸಾಬ ಒಳಗಾಲು ಪಟ್ಟು ಹಾಕಿ ಎತ್ತಿ ಒಗೆದ. ಮಾಳಿಂಗಪ್ಪನ ಎರಡೂ ಭುಜ ನೆಲಕ್ಕೆ ಹತ್ತಿದವು. ಅಷ್ಟು ದೊಡ್ಡ ಆಕಾಶವನ್ನು ಅವನು ಎಂದೂ ಕಂಡಿರಲಿಲ್ಲ.

ಅಷ್ಟರಲ್ಲಿ ಮೈಕು ಕೂಗಿತು: "ಇಂಡಿ ಪಂದ್ಯದ ವಿಜಯಿ, ಯಂಕಂಚಿಯ ಮಾಳಿಂಗಪ್ಪ!" ವಾಯರು ಹೊಲದ ತನಕ ಎಟುಕದೆ ಸ್ಟೇಜಿನ ಮೇಲೇ ಉಳಿದಿದ್ದ ರಾಚಪ್ಪ ಮಾಸ್ತರ ತನಗೆ ಕಲಿಸಿದ್ದನ್ನು ಒಪ್ಪಿಸಿದ್ದ.

ಬಿದ್ದಾಗ ಬಾರದ ಸಿಟ್ಟು ಮಾಳಿಂಗಪ್ಪನಿಗೆ ಈಗ ಬಂತು. ಒಂದೇ ಜಿಗಿತಕ್ಕೆ ಸ್ಟೇಜ್ ಏರಿದ. ಬಸಂತರಾಯ ಮಾಲೆ ಹಿಡಿದು ನಗುತ್ತ ನಿಂತಿದ್ದ.

"ಬಾ, ಹಾಕ್ಕೋ. ಧೂಳಿನ್ಯಾಗ ಯಾರಿಗೂ ಕಂಡಿಲ್ಲ."

"ನನಗ ಕಂಡೈತ್ರಿ!" ಮಾಳಿಂಗಪ್ಪ ಜನರತ್ತ ಬೆನ್ನು ತಿರುಗಿಸಿದ. ಅವನಿಗೆ ಮೈಕು ಬೇಕಾಗಲಿಲ್ಲ, ಬಾಗೇವಾಡಿಗೂ ಕೇಳಿಸಿತು. "ನೋಡ್ರೆಪಾ, ಮಣ್ಣು ಹತ್ತೈತಿ! ಚಮನ್ಯಾ ಹಚ್ಚಿದ ಮಣ್ಣು! ಇಷ್ಟು ವರ್ಷಕ್ಕ ಒಮ್ಮಿ ಖರೇನ ಬಿದ್ದೇನಿ, ಅದನ್ನೂ ಕಸ್ಗೋತೀರೇನ್ರಿ ಸಾವಕಾರ್ರ?"

ಮಾಲೆ ಕಿತ್ತುಕೊಂಡು ಚಮನಸಾಬನ ಕೊರಳಿಗೆ ಹಾಕಿದ.

"ಸಿಂದಗ್ಯಾಗ ಏನ್ ಮಾಡ್ತೀ ಮಾಳ್ಯಾ?" ಎಂದು ಚಮನಸಾಬ ಏದುಸಿರಿನಲ್ಲೇ ಕೆಣಕಿದ.

"ಕೆಡವ್ತೇನಿ ಮಗನ. ಮಣ್ಣಾಗ."

ಮಾಳಿಂಗಪ್ಪ ಬಸ್ಸಿನಲ್ಲಿ ಸೀಟಿಗೆ ಬೆನ್ನು ತಾಗಿಸದೆ ಸೆಟೆದು ಕುಳಿತೇ ಯಂಕಂಚಿ ಮುಟ್ಟಿದ. ಹೆಂಡತಿ ಸಾತವ್ವ ನೀರು ಕಾಸಿ ಜಳಕಕ್ಕೆ ಕರೆದಳು.

"ತಡಿ, ಊರ ಮಂದಿ ನೋಡ್ಲಿ ಮೊದಲ" ಎಂದ.